ನಾಲ್ಕನೆಯ ಪಾಲು

“ನಾಲ್ಕು ಪಾಲು,” ಎಂದ ಗೋಪಿನಾಥ, ಬಾಗಿಲು ತೆರೆಯುತ್ತಿದ್ದ ಹಾಗೇ. “ಕಾನೂನಿನ ಪ್ರಕಾರ ಮೂರೇ. ನಾನಾಗಿ ನಾಲ್ಕು ಮಾಡಿದೀನಿ.”

ಸುಮಿತ್ರಾ ಪಕ್ಕಕ್ಕೆ ಸರಿದಳು. ಅಪ್ಪನ ಎರಡನೆಯ ಹೆಂಡತಿಯನ್ನು ಅವನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು. ನೋಡಿದರೆ ಕೋಪ ಬರುತ್ತದೆಂದುಕೊಂಡಿದ್ದ. ಬರಲಿಲ್ಲ. ಅದನ್ನು ತನ್ನ ದೊಡ್ಡತನವೆಂದೇ ಎಣಿಸಿದ.

ಅಪ್ಪ ಮನೆ ಬಿಟ್ಟು ಯಮುನೆಯಾಚೆ ಘಾಜಿಯಾಬಾದಿನ ಈ ಫ್ಲ್ಯಾಟು ಸೇರಿದಾಗ ಗೋಪಿನಾಥನಿಗೆ ಹನ್ನೆರಡು ವರ್ಷ. ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ, ಗುಮಾಸ್ತೆ ಕೆಲಸ ಮಾಡಿಕೊಂಡು ಅವನನ್ನು ಬೆಳೆಸಿದವಳು ಅಮ್ಮ ಲೀಲಾವತಿ. ಅವಳ ಪರವಾಗಿ ಅಪ್ಪನ ಮೇಲೆ ಹಗೆ ಸಾಧಿಸುವ ಕೆಲಸವನ್ನು ಅಂದಿನಿಂದ ಅವನೇ ವಹಿಸಿಕೊಂಡಿದ್ದ.

ಈಗ ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದ. ಅಮ್ಮನಿಗೆ ವಿಚ್ಛೇದನ ಕೊಡದೆ ಆದ ಎರಡನೆಯ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಅಮ್ಮನಿಗೆ, ತನಗೆ, ಆ ಮದುವೆಯ ಮಗಳಿಗೆ ಪಾಲುಂಟು, ಸುಮಿತ್ರಾಳಿಗಿಲ್ಲ. ಸಚಿವಾಲಯದ ಕಾನೂನು ವಿಭಾಗದಲ್ಲಿದ್ದ ಗೋಪಿನಾಥನಿಗೆ ಇದೆಲ್ಲ ಬಾಯಿಪಾಠ. ಆದರೂ ಫ್ಲ್ಯಾಟು ಮಾರಿ ಅವಳಿಗೂ ಸಮಪಾಲು ಕೊಡುವುದೆಂದು ತೀರ್ಮಾನಿಸಿ, ಅಮ್ಮನನ್ನೂ ಕರೆತಂದಿದ್ದ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವಳಿಗೆ ಧೈರ್ಯ ಹೇಳಿದ್ದ.

“ಕೂತ್ಕೊಳ್ಳಿ ಭಯ್ಯಾ,” ಎಂದಳು ಸುಮಿತ್ರಾಳ ಮಗಳು ಹರ್ಷಿಣಿ. ತರಕಾರಿಯವನನ್ನೂ ಈ ಊರಲ್ಲಿ ಹಾಗೇ ಕರೆಯುತ್ತಾರೆ.

ಅವನು ಕೂತ. ಅಮ್ಮ ಕೂರಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಕಪಾಟಿನ ಹಿಂಬದಿಗೆ ಕೈಹಾಕಿ, ಕಾಫಿಪುಡಿಯ ಡಬ್ಬಿ ತೆಗೆದಳು.

“ದೊಡ್ಡಮ್ಮ, ದೂಧ್ ಫ್ರಿಜ್‌ನಲ್ಲಿದೆ,” ಎಂದಳು ಹರ್ಷಿಣಿ, ಟಿವಿಯಿಂದ ಕಣ್ಣು ತೆಗೆಯದೆ.

ಗೋಪಿನಾಥ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. “ಅಮ್ಮ, ಇಲ್ಲಿಗೆ ಬಂದಿದ್ಯಾ?”

“ರಿಟೈರ್ ಆದ್ಮೇಲೆ. ನೀನು ಆಫೀಸಿಗೆ ಹೋದಾಗ.”

“ಯಾಕೆ?”

“ಮೊದಲು ಜಗಳಕ್ಕೆ ಬಂದೆ.” ಅಮ್ಮ ಒಲೆ ಹಚ್ಚಿದಳು. “ಆಮೇಲೆ ಸುಮ್ನೆ. ಮೆಟ್ರೊ ಬಂದ್ಮೇಲೆ ಸಲೀಸಾಯ್ತು.”

“ನಂಗೆ ಹೇಳಲಿಲ್ಲ.”

“ನಿಂಗೆ ಅಷ್ಟು ಕೋಪ. ಅದನ್ನ ಯಾಕೆ ಕೆಡಿಸೋದು ಅಂತ.”

ಸುಮಿತ್ರಾ ಲೋಟಗಳನ್ನು ತೊಳೆದು ಅಮ್ಮನ ಕೈಗಿತ್ತಳು. “ಮನೆ ಮಾರೋದು ಬೇಡ ಅಂತ ನಾನೂ ಅಕ್ಕಾನೂ ಮಾತಾಡ್ಕೊಂಡಿದೀವಿ. ಅಕ್ಕ ಇಲ್ಲೇ ಇರ್ತಾರೆ. ನಿಮ್ಮ ಪಾಲು ಎಷ್ಟಾಗುತ್ತೋ ಹೇಳಿ, ನಿಧಾನವಾಗಿ ಕೊಡ್ತೀವಿ.”

ಹೇಳಲು ಗೋಪಿನಾಥನಲ್ಲಿ ಬೇಕಾದಷ್ಟಿತ್ತು. ಕಲಮುಗಳಿದ್ದವು, ತೀರ್ಪುಗಳಿದ್ದವು. ಯಾವುದೂ ಈ ಅಡುಗೆಮನೆಗೆ ಅನ್ವಯಿಸುವಂತಿರಲಿಲ್ಲ. ಅಮ್ಮ ಕೊಟ್ಟ ಕಾಫಿಯನ್ನು ನಿಂತೇ ಕುಡಿದ. ಚೆನ್ನಾಗಿತ್ತು.

“ಯೋಚನೆ ಮಾಡಿ ತಿಳಿಸ್ತೀನಿ. ಅಮ್ಮ, ಹೊರಡೋಣ್ವಾ?”

“ನೀನು ಹೋಗಿರು,” ಎಂದಳು ಅಮ್ಮ.

ಅವನೊಬ್ಬನೇ ಹತ್ತಿದ ಲಿಫ್ಟು ಒಂದೆರಡು ಮಹಡಿ ಇಳಿದದ್ದೇ ಕರೆಂಟು ಹೋಗಿ ನಿಂತಿತು. ಜಾಲರಿಯಾಚೆ, ಕಣ್ಣಿನ ಮಟ್ಟಕ್ಕೆ ಯಾರದೋ ಮನೆಯ ಹೊಸ್ತಿಲು, ಅದರ ಮುಂದೆ ಚಪ್ಪಲಿಗಳು. ಕಾಲಿನ ಹತ್ತಿರ ಕೆಳಗಿನ ಮನೆಯ ತೋರಣದ ತುದಿ. ನಡುವೆ, ಅವನ ಎದೆಗೆ ಸರಿಯಾಗಿ, ಗಿಲಾವು ಕಾಣದ ಕಾಂಕ್ರೀಟು.

ಗೋಪಿನಾಥ ಗಾಬರಿಗೊಳ್ಳಲಿಲ್ಲ. ಅಂಗಿ ಸರಿಪಡಿಸಿಕೊಂಡು, ಅಧಿಕಾರಿಯ ದನಿಯಲ್ಲಿ, “ಕೋಯೀ ಹೈ?” ಎಂದು ಕರೆದ.

ಮೇಲಿನ ಬಾಗಿಲು ತೆರೆಯಿತು. ಒಂದು ಕೈ ಹೊರಬಂದು ಚಪ್ಪಲಿಗಳನ್ನು ಒಳಗೆಳೆದುಕೊಂಡಿತು. ಬಾಗಿಲು ಮುಚ್ಚಿತು.