ದ್ಯಾಮವ್ವನ ಪಾದದಲ್ಲಿದ್ದ ಪಟ್ಟಿ

ನಾನು ಒಂದು ಲೋಹದ ಪಟ್ಟಿ. ಉದ್ದದಲ್ಲೂ ಅಗಲದಲ್ಲೂ ಒಂದು ನಡುಬೆರಳಿನಷ್ಟು. ಹುಟ್ಟಿದ್ದು ಧಾರವಾಡದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ. ಜಿರ್ಕೋನಿಯಂ, ತಾಮ್ರ, ಇನ್ನೂ ಏನೇನೋ ಕರಗಿಸಿ ತಣ್ಣನೆಯ ಅಚ್ಚಿಗೆ ಒಮ್ಮೆಲೇ ಸುರಿದರು. ಕಬ್ಬಿಣ ತಣಿಯುವಾಗ ಅದರ ಕಣಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲುಗಟ್ಟುತ್ತವೆ. ನನ್ನ ಕಣಗಳಿಗೆ ಆ ಪುರುಸೊತ್ತು ಸಿಗಲಿಲ್ಲ. ಎಲ್ಲಿದ್ದವೋ ಅಲ್ಲೇ ಹೆಪ್ಪುಗಟ್ಟಿದವು, ಗಾಜಿನಂತೆ. ಅದಕ್ಕೇ ನಮಗೆ ಲೋಹದ ಗಾಜು ಎಂದು ಹೆಸರು. ಉಕ್ಕಿಗಿಂತ ಗಟ್ಟಿ, ಬಾಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತೇವೆ.

ನನ್ನನ್ನು ಎರಕ ಹೊಯ್ದವಳು ಇಂದುಮತಿ ಶಿರಸಂಗಿ. ಮಿತಭಾಷಿ. ಊಟದ ಡಬ್ಬಿಯನ್ನೂ ಯಂತ್ರದ ಪಕ್ಕದಲ್ಲೇ ಬಿಚ್ಚುವಳು. ಕೃತಕ ಪಾದದ ಹಿಮ್ಮಡಿಗೆ ನನ್ನಂಥ ಪಟ್ಟಿಯನ್ನು ಸ್ಪ್ರಿಂಗಿನಂತೆ ಕೂಡಿಸಬೇಕೆಂಬುದು ಅವಳ ಹಟ.

ಪಾದ ಸಿದ್ಧವಾದಾಗ ಗುಳೇದಗುಡ್ಡದಿಂದ ದ್ಯಾಮವ್ವ ಬಂದಳು. ಕೈಮಗ್ಗದ ನೇಕಾರಳು, ಲಾರಿ ಹಾಯ್ದು ಎಡಗಾಲು ಕಳೆದುಕೊಂಡವಳು. ಆಕೆಗೆ ಕೊಟ್ಟಿದ್ದ ರಬ್ಬರ್ ಪಾದ ಮಗ್ಗದ ಮೆಟ್ಟುಹಲಗೆಯನ್ನು ಒತ್ತಿದರೆ ಅಲ್ಲೇ ಕುಸಿಯುತ್ತಿತ್ತಂತೆ. ನಾನಿದ್ದ ಪಾದ ಕಟ್ಟಿಕೊಂಡು ಗೋಡೆ ಹಿಡಿದು ಎದ್ದಳು, ಆಮೇಲೆ ಗೋಡೆ ಬಿಟ್ಟಳು. ಅವಳ ಇಡೀ ಭಾರ ನನ್ನ ಮೇಲೆ ಬಿತ್ತು. ನಾನು ಬಾಗಿ ಅವಳನ್ನು ಮೇಲೆತ್ತಿದೆ. ಕಾಲೇಜಿನ ಮೊಗಸಾಲೆಯುದ್ದಕ್ಕೂ ನಡೆದು ಬಂದಳು. ಮುಖ ಬೆವರಿತ್ತು, ನಗುತ್ತಿತ್ತು.

"ಇದು ನನ್ನನ್ನ ಮುಂದಕ್ಕ ನೂಕತೈತ್ರಿ ಬಾಯಾರ," ಇಂದುಮತಿಗೆ ಅಂದಳು. "ಇದನ್ನ ಬಿಚ್ಚಬ್ಯಾಡ್ರಿ."

ಬಿಚ್ಚಲೇಬೇಕಿತ್ತು, ಪರೀಕ್ಷೆ ಬಾಕಿಯಿತ್ತು. ಮರುದಿನ ಇಂದುಮತಿ ನನ್ನ ಜೊತೆ ಒಂದೇ ಎರಕದಲ್ಲಿ ಹುಟ್ಟಿದ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟಳು. ಯಂತ್ರ ಒತ್ತುತ್ತಾ ಬಿಡುತ್ತಾ ಬೆಳಗಿನಿಂದ ನಡೆಯಿತು. ಮಧ್ಯಾಹ್ನ ಒಂದು ಸದ್ದು. ನನ್ನ ಒಡಹುಟ್ಟು ಓರೆಯಾಗಿ ಎರಡಾಗಿ ಬಿದ್ದಿತ್ತು. ಅದಕ್ಕೂ ಮುಂಚೆ ಅದು ಡೊಂಕಾಗಿರಲಿಲ್ಲ, ಕಿರುಗುಟ್ಟಿರಲಿಲ್ಲ.

ನಮ್ಮ ಮೈಯ ಗುಣವೇ ಹಾಗೆ. ಉಕ್ಕಿಗೆ ಭಾರ ಹೆಚ್ಚಾದರೆ ಅದನ್ನು ಮೈತುಂಬ ಹಂಚಿಕೊಂಡು ಮೊದಲು ಬಗ್ಗುತ್ತದೆ, ನೋಡಿದವರಿಗೆ ತಿಳಿಯುತ್ತದೆ. ನಮ್ಮಲ್ಲಿ ಕೂದಲಿಗಿಂತ ತೆಳ್ಳಗಿನ ಒಂದೇ ಒಂದು ಗೆರೆ ಸೋಲುತ್ತದೆ. ಸೋತಲ್ಲೇ ಮೆತ್ತಗಾಗುತ್ತದೆ, ಮೆತ್ತಗಾದಲ್ಲೇ ಇನ್ನಷ್ಟು ಜಾರುತ್ತದೆ. ಉಳಿದ ಮೈಗೆ ಸುದ್ದಿಯೇ ಇರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಮುರಿದ ಮುಖದ ತುಂಬ ಅರಳಿ ಎಲೆಯ ನರಗಳಂಥ ಗೆರೆಗಳಿದ್ದವು. ಕೊನೆಯ ಕ್ಷಣದಲ್ಲಿ ಲೋಹ ಮೇಣದಂತೆ ಮೆತ್ತಗಾಗಿ ಎಳೆದುಕೊಂಡ ಗುರುತು.

ತೆಳು ಪಟ್ಟಿಯಾದರೆ ಇಂಥ ಗೆರೆಗಳು ಹಲವು ಮೂಡಿ ಭಾರ ಹಂಚಿಕೊಂಡಾವು. ಆದರೆ ತೆಳು ಪಟ್ಟಿ ಮನುಷ್ಯರ ಭಾರ ಎತ್ತಲಾರದು.

ಒಂದು ಪಟ್ಟಿ ಮುರಿದರೇನು, ಎರಕದಲ್ಲಿ ದೋಷವಿದ್ದೀತು, ಪಾದವನ್ನು ದ್ಯಾಮವ್ವನಿಗೆ ಕೊಟ್ಟು ಫೋಟೋ ತೆಗೆಸೋಣ ಎಂದರು ಪ್ರಯೋಗಶಾಲೆಯ ಮುಖ್ಯಸ್ಥ ಪ್ರೊಫೆಸರ್ ಕುಲಗೋಡ. ದೊಡ್ಡ ಅತಿಥಿಗಳು ಬರುವವರಿದ್ದರು. ಇಂದುಮತಿ ತಲೆ ಎತ್ತದೆಯೇ ಕೇಳಿದಳು.

"ಸರ್, ಆಕಿ ರಸ್ತೆ ದಾಟೂವಾಗ ಇದು ಮುರೀತಂದ್ರ?"

ಅವರು ಹೊರಟುಹೋದರು. ಅಂದಿನಿಂದ ಅವಳ ಮೇಜಿನ ಬಳಿ ಯಾರೂ ಚಹಾ ಹಿಡಿದು ಬರಲಿಲ್ಲ.

ಪಾದ ಕೊಡಲಾಗದೆಂದು ತಿಳಿಸಲು ದ್ಯಾಮವ್ವನಿಗೆ ಇಂದುಮತಿಯೇ ಫೋನು ಮಾಡಿದಳು. ಆ ಕಡೆ ಮಗ್ಗಗಳ ಸದ್ದು ಕೇಳುತ್ತಿತ್ತು. ಗೆರೆ, ಜಾರುವಿಕೆ ಎಂದೆಲ್ಲ ಬಿಡಿಸಿ ಹೇಳಲು ನೋಡಿದಳು, ಮಾತು ತೊಡರಿತು. ದ್ಯಾಮವ್ವ ಪೂರ್ತಿ ಕೇಳಿಸಿಕೊಂಡಳು.

"ನಡ್ಯಾಕ ಕಲಿಸಿ ಕಸ್ಕೊಂಡ್ರಿ, ಬಾಯಾರ," ಎಂದು ಫೋನು ಇಟ್ಟಳು.

ಇಂದುಮತಿ ಪಾದ ಬಿಚ್ಚಿ ನನ್ನನ್ನು ಹೊರತೆಗೆದಳು. ಸುಮ್ಮನೆ, ಮತ್ತೇನೂ ತೋಚದೆ, ಮಸೂರದ ಕೆಳಗಿಟ್ಟಳು. ನನ್ನ ಅಂಚಿನಲ್ಲಿ ಓರೆಯಾಗಿ ಒಂದು ಗೆರೆ ಮೂಡಿತ್ತು. ದ್ಯಾಮವ್ವ ಮೊಗಸಾಲೆಯಲ್ಲಿ ನಡೆದಾಗಲೇ ನಾನು ಜಾರತೊಡಗಿದ್ದೆ. ನನಗೇ ಗೊತ್ತಾಗಿರಲಿಲ್ಲ.

ಅವಳು ಬಹಳ ಹೊತ್ತು ನೋಡಿದಳು. ಮತ್ತೆ ಫೋನು ಕೈಗೆತ್ತಿಕೊಂಡಳು, ಹಾಗೇ ಕೆಳಗಿಟ್ಟಳು.

ಆ ವರ್ಷದ ಕೊನೆಗೆ ಅವಳು ಬೇರೆ ಕಾಲೇಜಿಗೆ ಹೋದಳು. ಕೋಣೆಗೆ ಹೊಸಬರು ಬಂದರು. ನಾನು ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಮೇಲೆ ಹಳೆಯ ವೈರುಗಳ ಸುರುಳಿ. ನನಗೆ ತುಕ್ಕು ಅಷ್ಟು ಸುಲಭಕ್ಕೆ ಹಿಡಿಯದು, ಹಾಗಾಗಿ ಇನ್ನೂ ಬಹಳ ಕಾಲ ಇರುತ್ತೇನೆ. ನಾನು ಹೊತ್ತದ್ದು ಒಬ್ಬಳನ್ನೇ, ಅವಳು ನನ್ನಿಂದ ಪಾರಾದಳು. ಪಾರಾದೆನೆಂದು ಅವಳಿಗೆ ತಿಳಿಯದು. ಗುಳೇದಗುಡ್ಡದಲ್ಲಿ ಕೂತು ಅವಳು ಈಗಲೂ ಇಂದುಮತಿಯನ್ನು ಬೈಯುತ್ತಿರಬಹುದು. ಬೈಯಲಿ. ಬೈಯಲು ಅವಳಿದ್ದಾಳಲ್ಲ.