ಎರಡು ತೆಂಗಿನ ನಡುವಿನ ಸೂರ್ಯ

ಮದುವೆ ಮುರಿದು ತಿಪಟೂರಿಗೆ ಬಂದ ಗಾನವಿ, ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಹತ್ತು ತಿಂಗಳಿಂದ ಒಬ್ಬಳೇ ಇದ್ದಳು. ಲೇಬಲ್ಲು, ಲೋಗೊ, ಬೋರ್ಡುಗಳ ವಿನ್ಯಾಸ ಮಾಡುವುದು ಅವಳ ಕಸುಬು. ಗಿರಾಕಿಗಳು ಫೋನಿನಲ್ಲೇ ಮಾತು ಮುಗಿಸುತ್ತಿದ್ದರು. ಕೆಲವು ದಿನ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು" ಎಂದದ್ದು ಬಿಟ್ಟರೆ ಅವಳು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಊರಾಚೆ ಸಣ್ಣ ಆಸ್ಪತ್ರೆ ನಡೆಸುವ ಡಾಕ್ಟರ್ ಯೋಗೀಶ್ ಒಂದು ಕೆಲಸ ಕೊಟ್ಟರು. ಓದು ಬಾರದವರಿಗೂ ಹೊತ್ತು ಯಾವುದೆಂದು ತಿಳಿಯುವಂಥ ಮಾತ್ರೆ ಪೊಟ್ಟಣ ಬೇಕಾಗಿತ್ತು. ಗಾನವಿ ಮನಸ್ಸಿಟ್ಟು ಬರೆದಳು. ಬೆಳಗಿಗೆ ಎರಡು ತೆಂಗಿನಮರಗಳ ನಡುವೆ ಅರ್ಧ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ರಾತ್ರಿಗೆ ಚಂದ್ರ. ಅಚ್ಚಿಗೆ ಕೊಡುವ ಮುಂಚೆ ಯಾರಿಗಾದರೂ ತೋರಿಸಬೇಕೆನ್ನಿಸಿತು. ಯಾರಿಗೆ ತೋರಿಸುವುದು? ಹಾಗೆಯೇ ಕಳಿಸಿಬಿಟ್ಟಳು.

ಮೂರು ವಾರದ ಮೇಲೆ ಡಾಕ್ಟರ ಫೋನು ಬಂತು.

"ಹಾಲ್ಕುರಿಕೆಯ ಕೆಂಚಮ್ಮ ಅಂತ ಒಬ್ಬ ಅಜ್ಜಿ ಬಿದ್ದು ಕೈ ಮುರ್ಕೊಂಡಿದ್ದಾರೆ ಕಣ್ರೀ. ಕಾಲೂತಕ್ಕೆ ಕೊಟ್ಟ ಮಾತ್ರೆ, ತಗೊಂಡ್ರೆ ಪದೇಪದೇ ಮೂತ್ರಕ್ಕೆ ಏಳ್ಬೇಕು. ಬೆಳಗಿಂದನ್ನ ಸಂಜೆ ನುಂಗಿದ್ದಾರೆ. ಕತ್ತಲಲ್ಲಿ ಎದ್ದುಹೋಗಿ ಜಾರಿದ್ದಾರೆ. ಚಿತ್ರ ನೋಡೇ ನುಂಗ್ದೆ ಅಂತಾರೆ."

ಗಾನವಿ ಅಜ್ಜಿಯ ಮನೆಯ ಗುರುತು ಕೇಳಿಕೊಂಡಳು. ಮರುದಿನವೇ ಹಾಲ್ಕುರಿಕೆಯ ಬಸ್ಸು ಹತ್ತಿದಳು.

ಕೆಂಚಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು.

"ಅಜ್ಜಿ, ಪೊಟ್ಟಣದ ಚಿತ್ರ ಬರೆದವಳು ನಾನೇ. ನನ್ನಿಂದ ತಪ್ಪಾಯ್ತು."

ಮುದುಕಿ ಬೈಯಲಿಲ್ಲ. ಪಡುವಣದ ಬೇಲಿಯಂಚಿಗೆ ಕೈ ತೋರಿಸಿದಳು. ಅಲ್ಲಿ ಎರಡು ತೆಂಗಿನಮರ ಅಕ್ಕಪಕ್ಕ ನಿಂತಿದ್ದವು.

"ದಿನಾ ಹೊತ್ತು ಮುಳುಗೋದು ಅಲ್ಲೇ ಕಣವ್ವ. ನೀನೂ ಅದ್ನೇ ಬರ್ದಿದ್ದೀಯ ಅಂದ್ಕಂಡೆ. ಹುಟ್ಟೋ ಹೊತ್ತು ಮನೆ ಹಿಂದ್ಗಡೆ, ನಂಗೆ ಕಾಣಾಕಿಲ್ಲ."

ನಿಜವೇ. ಹುಟ್ಟುವ ಸೂರ್ಯನಿಗೂ ಮುಳುಗುವ ಸೂರ್ಯನಿಗೂ ಚಿತ್ರದಲ್ಲಿ ಒಂದು ಗೆರೆಯ ವ್ಯತ್ಯಾಸವೂ ಇರಲಿಲ್ಲ. ಸಂಕೇತಕ್ಕೆ ಅರ್ಥ ಕೊಡುವುದು ನೋಡುವವರ ಬದುಕು ಎಂದು ಕಾಲೇಜಿನಲ್ಲಿ ಬರೆದು ಗಾನವಿ ಒಳ್ಳೆಯ ಅಂಕ ಪಡೆದಿದ್ದಳು. ಆ ಬದುಕನ್ನು ಹೋಗಿ ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

"ಬೆಳಗಾಯ್ತು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?"

"ಬಾಗ್ಲಿಗೆ ನೀರಾಕಿ ರಂಗೋಲಿ ಬುಡ್ತೀನಲ್ಲ!"

ಗಾನವಿ ಹಾಳೆಯ ಮೇಲೆ ರಂಗೋಲಿ ಬರೆದು ಕೇರಿಯ ನಾಲ್ಕಾರು ಮನೆಗೆ ತೋರಿಸಿದಳು. ಒಬ್ಬರು ಹಬ್ಬ ಎಂದರು, ಇನ್ನೊಬ್ಬರು ಹೂವು ಎಂದರು. ಕೂಗುವ ಹುಂಜವನ್ನು ಬರೆದಾಗ ಎಲ್ಲರೂ "ಬೆಳಗಿಂದು" ಎಂದರು. ಚಂದ್ರನನ್ನೂ ಕೆಲವರು ಸೂರ್ಯನೆಂದದ್ದರಿಂದ, ರಾತ್ರಿಗೆ ಚಾಪೆಯ ಮೇಲೆ ಮಲಗಿದವರ ಚಿತ್ರ ಒಪ್ಪಿಗೆಯಾಯಿತು; ಮಧ್ಯಾಹ್ನದ ಪೂರ್ತಿ ಸೂರ್ಯ ಹಾಗೇ ಉಳಿದ. ತಿದ್ದಿ ತಿದ್ದಿ ಸಂಜೆಯಾಯಿತು.

"ನಿನ್ ಮನೇಲಿ ಯಾರ್ಯಾರಿದ್ದೀರವ್ವ?" ಹೊರಡುವಾಗ ಕೆಂಚಮ್ಮ ಕೇಳಿದಳು.

"ನಾನೊಬ್ಳೇ ಅಜ್ಜಿ."

ಕೆಂಚಮ್ಮ ಒಂದೇ ಕೈಯಲ್ಲಿ ತಡವರಿಸಿ ಎರಡು ಎಳನೀರು ತಂದು ಅವಳ ಚೀಲಕ್ಕೆ ತುರುಕಿದಳು.

ಹೊಸ ಪೊಟ್ಟಣಗಳು ಬಂದವು. ಯಾರೂ ಹೊತ್ತು ತಪ್ಪಿಸಲಿಲ್ಲವೆಂದು ಡಾಕ್ಟರ್ ಹೇಳಿದರು. ಮುಂದಿನ ವಾರ ಗಾಣದೆಣ್ಣೆಯ ಲೇಬಲ್ಲೊಂದನ್ನು ಮುಗಿಸಿದ ಗಾನವಿ, ಅಲ್ಲಿ ಕೆಲಸ ಮಾಡುವವರಿಗೆ ತೋರಿಸಲೆಂದು ಅದನ್ನು ಹಿಡಿದು ಮೊದಲ ಸಲ ಕೆಳಗಿನ ಮಂಡಿಗೆ ಇಳಿದಳು. ಕೊಬ್ಬರಿ ಆರಿಸುವ ಹೆಂಗಸರು ಆಗಲೇ ಮನೆಗೆ ಹೋಗಿ, ಬಾಗಿಲಿಗೆ ಬೀಗ ಬಿದ್ದಿತ್ತು. ಅವರಲ್ಲಿ ಒಬ್ಬರ ಹೆಸರೂ ತನಗೆ ಗೊತ್ತಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಹಾಳೆಯನ್ನು ಸುರುಳಿ ಸುತ್ತಿ ಮತ್ತೆ ಮೆಟ್ಟಿಲು ಹತ್ತಿದಳು. ಅಚ್ಚಿಗೆ ಮಾತ್ರ ಕಳಿಸಲಿಲ್ಲ.