ಊದಬಾರದ ಬಿಲ್ಲೆ

ಉಸ್ಸ್ — ಇಷ್ಟೇ ಸದ್ದು, ಅಯ್ಯೋ ಊದಬೇಡಿ ಅಂತ ಇವಳು ಬಾಯಿ ತೆರೆಯುವಷ್ಟರಲ್ಲಿ ಕಂಪನಿಯ ಮಹಾನುಭಾವ ಧೂಳು ಊದುವ ನೈಟ್ರೋಜನ್ ಗನ್ ಒತ್ತಿಯೇ ಬಿಟ್ಟಿದ್ದ, ಧೂಳು ಕಂಡಿತಂತೆ, ಕಂಡರೆ ಕಾಣಲಿ, ಮಾಮೂಲಿ ಚಿಪ್‌ಗಳನ್ನು ಊದಿ ಊದಿ ಕೈಗೆ ಚಟ ಹತ್ತಿದೆ ಇವನಿಗೆ, ಆದರೆ ಇದು ನಡುಕ ಅಳೆಯುವ ಸೆನ್ಸರ್‌ಗಳ ಬಿಲ್ಲೆ, ಕೂದಲಿಗಿಂತ ತೆಳ್ಳನೆಯ ಸಿಲಿಕಾನ್ ಪಟ್ಟಿಗಳು, ಒಂದೇ ತುದಿಯಲ್ಲಿ ಹಿಡಿತ, ಉಳಿದದ್ದು ಗಾಳಿಯಲ್ಲಿ, ಅಡಿಯ ಪದರವನ್ನು ಆಮ್ಲದಲ್ಲಿ ಕರಗಿಸಿ, ಒಂದೂ ಕೆಳಕ್ಕೆ ಅಂಟಿಕೊಳ್ಳದ ಹಾಗೆ ಒಣಗಿಸಿ, ಎಷ್ಟು ಸಲ ಸೋತು ಸುಣ್ಣವಾದ ಮೇಲೆ ಇದೊಂದು ಸರಿಬಂದಿತ್ತು, ಇದರ ಅಳತೆ ಸಿಕ್ಕರೆ ಪಿಎಚ್‌ಡಿ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ, ಅಕ್ಕ ಫೋನಿನಲ್ಲಿ, ಇನ್ನೂ ಮುಗೀಲಿಲ್ವೇನೇ ನಿನ್ನ ಆ ಕಣ್ಣಿಗೆ ಕಾಣದ ಕೆಲಸ, ಈ ವಾರ ಮುಗಿಯುತ್ತೆ ಬಿಡೇ ಅಂದಿದ್ದಳು ಇವಳು, ಮುಗಿಯಿತು, ಭೇಷಾಗಿ ಮುಗಿಯಿತು — ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಪಟ್ಟಿ ಮುರಿದ ಬುಡಗಳು, ಬರೀ ಬುಡಗಳು, ಒಂದಾದರೂ ಉಳಿದಿದೆಯಾ ಎಂದು ಸಾಲು ಸಾಲು ತಡಕುತ್ತಾಳೆ, ಇಲ್ಲ, ಇವನ ಕೈ ಸೇದಿಹೋಗ, ಬಂದ ದಿನದಿಂದಲೂ ಉಡಾಫೆ, ನಿಮ್ಮ ಯೂನಿವರ್ಸಿಟಿಯವರದ್ದು ಬರೀ ಪೇಪರ್ ಬರೆಯೋ ಕಸುಬು ಕಣ್ರೀ, ಆದರೂ ಸಾರ್ ಸಾರ್ ಅನ್ನಬೇಕು, ಜಂಟಿ ಯೋಜನೆಯಲ್ಲವೇ, ಲ್ಯಾಬಿನ ಅರ್ಧ ಯಂತ್ರ ಕಂಪನಿ ಕೊಟ್ಟದ್ದು, ಯೋಜನೆ ಮುಂದುವರಿಯಬೇಕಾದರೆ ಇವನೇ ಹೂಂ ಅನ್ನಬೇಕು.

ಇವಳ ಗೈಡ್ ಮೇಷ್ಟ್ರು ಒಳಗೆ ಬಂದರು, ಏನಾಯ್ತು, ಇವಳು ಉಸಿರೆತ್ತುವ ಮೊದಲೇ ಅವನು, ನಿಮ್ಮ ಪಟ್ಟಿಗಳೇ ವೀಕು ಸರ್, ನಾನು ಮುಟ್ಟೋಕೆ ಮುಂಚೆನೇ ಹೋಗಿದ್ವು, ಎಲಾ ಇವನಾ, ಹಸೀ ಸುಳ್ಳು, ಮೈಯೆಲ್ಲ ಉರಿದು ಇವಳು ಮಾಸ್ಕ್ ಕೆಳಗೆಳೆದಳು, ಕ್ಲೀನ್‌ರೂಮಿನಲ್ಲಿ ಎಳೆಯಬಾರದು, ಎಳೆದಳು, ಸರ್, ಇವರು ಗನ್ ಹಿಡಿದು ಊದಿದ್ರು, ನನ್ನ ಕಣ್ಣೆದುರಿಗೇ — ಮೇಷ್ಟ್ರಿಗೆ ಗೊತ್ತು, ಊದಬಾರದು ಎಂದು ಕಲಿಸಿದವರೇ ಅವರು, ಸೇರಿದ ಹೊಸತರಲ್ಲಿ ಇವಳು ಗನ್ನಿಗೆ ಕೈ ಚಾಚಿದ್ದಕ್ಕೇ ಎಲ್ಲರೆದುರು ಛೀಮಾರಿ ಹಾಕಿದ್ದರು, ಈಗ ಇವನಿಗೂ ಹಾಕುತ್ತಾರೆ, ಹಾಕಲಿ, ನೀರಿಳಿಸಲಿ, ಮೇಷ್ಟ್ರು ಮೈಕ್ರೋಸ್ಕೋಪಿಗೆ ಬಗ್ಗುತ್ತಾರೆ, ನೋಡುತ್ತಾರೆ, ನೋಡುತ್ತಲೇ ಇದ್ದಾರೆ, ಬುಡಗಳು ಕಂಡೇ ಕಂಡಿವೆ, ಗಾಳಿ ಬಡಿದ ಕಡೆಗೇ ಎಲ್ಲ ಮುರಿದಿವೆ, ಇನ್ನೇನು ಸಾಕ್ಷಿ ಬೇಕು, ಎದ್ದರು, ಇವಳತ್ತ ತಿರುಗಿದರು, ಮಾಸ್ಕ್ ಮೇಲೆ ಹಾಕಮ್ಮ, ರೂಲ್ಸ್ ಗೊತ್ತಿಲ್ವಾ ನಿಂಗೆ — ಇವಳಿಗೆ, ಇವಳಿಗೆ ರೂಲ್ಸು, ಆಮೇಲೆ ಅವನ ಹೆಗಲ ಮೇಲೆ ಕೈ, ಬಿಳಿ ಕೈಗವಸು, ಮೆಲ್ಲಗೆ ತಟ್ಟುತ್ತದೆ, ಇನ್ನೊಂದು ಮಾಡಿಕೊಡ್ತಾಳೆ ಬಿಡಿ, ತಟ್ಟುತ್ತದೆ, ಹಾಳಾಗಿ ಹೋಗಲಿ ಎಲ್ಲ, ಹೇಳಬೇಕು, ಕೂಗಬೇಕು, ಏನು ಹೇಳಬೇಕು, ಆ ಕೈ, ಬಿಳಿ ಕೈಗವಸು, ಅವನ ಹೆಗಲು, ಆ ಕೈ —